ಆಟದ ಸ್ಟೇರಿಂಗಿಗೂ ಒಂದು ಹದ ಬೇಕು

ನಾವು ಮಣ್ಣಿಗೆ ಹದ ಬಂತು ಅಂತೀವಿ, ತೆಲುಗಿನಲ್ಲಿ ಪದುನು ಅಂತಾರೆ. ಎರಡೂ ಒಂದೇ ಬೇರಿನ ಮಾತು. ತೆಲುಗಿನವರು ಅದೇ ಮಾತನ್ನು ಕತ್ತಿಯ ಹರಿತಕ್ಕೂ ಹೇಳುತ್ತಾರೆ. ಹಸಿ ಹೆಚ್ಚಾದರೆ ನೇಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಒಣಗಿದರೆ ಹೆಂಟೆ ಏಳುತ್ತದೆ, ನಡುವೆ ಒಂದೋ ಎರಡೋ ದಿನ ಹದ. ಈ ಸಲ ನಾನು ಹೇಳಹೊರಟಿರುವುದು ಹೊಲದ ಸಂಗತಿಯಲ್ಲ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರು ಮೇಜಿಗೆ ಬಿಗಿದುಕೊಳ್ಳುವ ಸ್ಟೇರಿಂಗ್ ಚಕ್ರದ ಸಂಗತಿ. ಅದಕ್ಕೂ ಹದ ಅನ್ನುವುದೊಂದಿದೆ. ಆ ಹದ ಹಿಡಿಯಲಾಗದೆ ಎಷ್ಟೋ ಹುಡುಗರು ಅಪ್ಪ ಕೊಟ್ಟ ದುಡ್ಡಿನ ಅರ್ಧ ಕೆಲಸವನ್ನೂ ಆ ಚಕ್ರದಿಂದ ಪಡೆಯುವುದಿಲ್ಲ.

ನಮ್ಮ ಮಡಕಶಿರಾ, ರಾಯದುರ್ಗ, ಆದೋನಿ ಸೀಮೆಯ ಮಕ್ಕಳು ಓದಿಗೆ, ನೌಕರಿಗೆ ಬಳ್ಳಾರಿ, ಬೆಂಗಳೂರು, ಹೈದರಾಬಾದು ಅಂತ ಹೋಗುತ್ತಾರೆ. ಹೋದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಈ ಚಕ್ರ ಕೊಳ್ಳುತ್ತಾನೆ. ಸಾಧಾರಣ ಚಕ್ರಕ್ಕೇ ಪೆಡಲು ಸೇರಿ ಇಪ್ಪತ್ತು ಮೂವತ್ತು ಸಾವಿರ ಆಗುತ್ತದೆ. ಊರಲ್ಲಿರುವ ಅಪ್ಪನಿಗೆ ಇದು ಬೊಂಬೆಯಾಟ. "ಇಷ್ಟು ದುಡ್ಡಿಗೆ ಬೋರಿಗೆ ಹೊಸ ಕೇಬಲ್ ಎಳೆಸಬಹುದಿತ್ತಲ್ಲೋ" ಅನ್ನುತ್ತಾನೆ. ಅಪ್ಪನ ಮಾತಿನಲ್ಲೂ ನ್ಯಾಯ ಇದೆ. ಆದರೆ ಕೊಂಡದ್ದಾದ ಮೇಲೆ ಆ ವಸ್ತು ಏನು ಮಾಡುತ್ತದೆ, ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದನ್ನಾದರೂ ಮನೆಯವರೆಲ್ಲ ತಿಳಿದರೆ ಒಳ್ಳೆಯದು. ಯಾಕೆಂದರೆ ಈ ಸಂಗತಿ ಆಟದ ಕೋಣೆಯಲ್ಲೇ ನಿಲ್ಲುವುದಿಲ್ಲ, ನಾಳೆ ನಾವು ನೀವು ಓಡಿಸುವ ಕಾರಿಗೂ ಬರುತ್ತಿದೆ.

ಚಕ್ರ ಕೈಗೆ ಹೇಳುವ ಸುದ್ದಿ

ನೇಗಿಲು ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಳಿ ಹಿಡಿದ ಕೈಗೆ ನೆಲದೊಳಗಿನ ಸುದ್ದಿ ಬರುತ್ತದೆ. ಕಲ್ಲು ತಾಗಿದರೆ ಒಂದು ಏಟು, ಗರಿಕೆ ಬೇರಿಗೆ ಸಿಕ್ಕಿದರೆ ಒಂದು ಎಳೆತ, ಮೆದು ಮಣ್ಣಿಗೆ ಇಳಿದರೆ ಕೈ ಹಗುರ. ಕಣ್ಣಿಗೆ ಕಾಣದ್ದನ್ನು ಕೈ ತಿಳಿಯುತ್ತದೆ. ತೆಲುಗಿನವರು ಮೇಡಿ ಅನ್ನುವ ಆ ಹಿಡಿಯ ಕೆಲಸವನ್ನೇ ಕಾರಿನಲ್ಲಿ ಸ್ಟೇರಿಂಗ್ ಮಾಡುತ್ತದೆ.

ಕಾರು ತಿರುಗುವಾಗ ಮುಂದಿನ ಟೈರು ನೆಲಕ್ಕೆ ತಾಗಿದ ಜಾಗ ಅಂಗೈಯಷ್ಟು ಅಗಲ ಇರುತ್ತದೆ. ತಿರುವಿನಲ್ಲಿ ಆ ರಬ್ಬರು ಸ್ವಲ್ಪ ತಿರುಚಿಕೊಳ್ಳುತ್ತದೆ. ನೆಲ ಟೈರನ್ನು ಪಕ್ಕಕ್ಕೆ ನೂಕುವ ಬಲ ಆ ಜಾಗದ ನಟ್ಟನಡುವೆ ಬೀಳದೆ ತುಸು ಹಿಂದಕ್ಕೆ ಬೀಳುತ್ತದೆ. ಹಿಂದೆ ಬಿದ್ದದ್ದರಿಂದ ಅದು ಚಕ್ರವನ್ನು ನೇರಕ್ಕೆ ತಿರುಗಿಸಲು ನೋಡುತ್ತದೆ. ಇದರ ಜೊತೆಗೆ ಮುಂಗಾಲಿಯನ್ನು ಕಂಪನಿಯವರೇ ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದನ್ನು ನೆನೆಸಿಕೊಳ್ಳಿ. ಈ ಎರಡೂ ಸೇರಿ ತಿರುವು ದಾಟಿದ ಮೇಲೆ ಸ್ಟೇರಿಂಗ್ ತನ್ನಷ್ಟಕ್ಕೆ ನೇರಕ್ಕೆ ಬರುತ್ತದೆ. ತಿರುವಿನಲ್ಲಿ ಕೈಗೆ ಬರುವ ಭಾರ ಇದೇ.

ಈಗ ಮುಖ್ಯವಾದ ಮಾತು. ವೇಗ ಹೆಚ್ಚಿಸುತ್ತ ಹೋದಂತೆ ಕೈಯಲ್ಲಿನ ಭಾರವೂ ಹೆಚ್ಚುತ್ತ ಹೋಗುತ್ತದೆ. ಆದರೆ ಟೈರಿನ ಹಿಡಿತ ಕೊನೆಯಾಗುವುದಕ್ಕೆ ಸ್ವಲ್ಪ ಮುಂಚೆ, ಆ ಹಿಂದೆ ಬೀಳುತ್ತಿದ್ದ ಬಲ ನಡುವಿಗೆ ಸರಿಯುತ್ತದೆ. ಆಗ ಕೈಯಲ್ಲಿನ ಭಾರ ಇಳಿಯುತ್ತದೆ. ಟೈರು ಇನ್ನೂ ಜಾರಿಲ್ಲ, ಆದರೆ ಜಾರಲಿದೆ ಅಂತ ಚಕ್ರ ಮುಂಗಡವಾಗಿ ಹೇಳುತ್ತದೆ. ಒಳ್ಳೆ ಡ್ರೈವರು ಅನ್ನಿಸಿಕೊಂಡವನು ಆ ಒಂದು ಕ್ಷಣದ ಹಗುರವನ್ನು ಹಿಡಿದು ಕಾಲು ಸಡಿಲಿಸುತ್ತಾನೆ. ಅದನ್ನು ತಿಳಿಯದವನು ಇನ್ನಷ್ಟು ತಿರುಗಿಸುತ್ತಾನೆ, ಕಾರು ತಿರುಗದೆ ನೇರಕ್ಕೆ ಹೋಗಿ ಗದ್ದೆಗೆ ಇಳಿಯುತ್ತದೆ.

ಆಟದಲ್ಲಿ ಈ ಸುದ್ದಿಗೆ ಇನ್ನೂ ಬೆಲೆ ಹೆಚ್ಚು. ನಿಜದ ಕಾರಿನಲ್ಲಿ ಕೂತವನಿಗೆ ಸೊಂಟ ಹೇಳುತ್ತದೆ, ಬೆನ್ನು ಹೇಳುತ್ತದೆ, ಹೊಟ್ಟೆ ಹೇಳುತ್ತದೆ. ಮೇಜಿನ ಮುಂದೆ ಕುರ್ಚಿಯಲ್ಲಿ ಕೂತವನಿಗೆ ಇವು ಯಾವುವೂ ಇಲ್ಲ. ಅವನಿಗಿರುವುದು ಕಣ್ಣು, ಕಿವಿ, ಕೈ. ಕೈಗೆ ಬರುವ ಸುದ್ದಿ ಸುಳ್ಳಾದರೆ ಅವನು ಕುರುಡಾಟ ಆಡಿದಂತೆ.

ಮೋಟಾರು ಹುಟ್ಟಿಸುವ ಬಲ

ಮೇಜಿನ ಮೇಲಿನ ಚಕ್ರಕ್ಕೆ ಟೈರೂ ಇಲ್ಲ, ರಸ್ತೆಯೂ ಇಲ್ಲ. ಒಳಗೆ ಒಂದು ವಿದ್ಯುತ್ ಮೋಟಾರು ಇದೆ. ಆಟದ ಪ್ರೋಗ್ರಾಮು ಟೈರಿನ ಲೆಕ್ಕವನ್ನು ಕ್ಷಣಕ್ಷಣಕ್ಕೂ ಹಾಕಿ, ಈಗ ಇಷ್ಟು ಬಲ ಎಡಕ್ಕೆ, ಈಗ ಇಷ್ಟು ಬಲಕ್ಕೆ ಅಂತ ಮೋಟಾರಿಗೆ ಹೇಳುತ್ತದೆ. ಇಟಲಿಯ ಕೂನೋಸ್ ಸಿಮುಲಾತ್ಸಿಯೋನಿ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ಅಸೆಟ್ಟೊ ಕೋರ್ಸಾ ಅನ್ನುವ ಆಟದಲ್ಲಿ ಈ ಲೆಕ್ಕ ಸೆಕೆಂಡಿಗೆ 333 ಸಲ ನಡೆಯುತ್ತದೆ. ಆ ಆಟವನ್ನು ತಯಾರಿಸಿದ ಕಚೇರಿ ಇದ್ದದ್ದೇ ರೋಮ್ ನಗರದ ಹತ್ತಿರದ ವಲ್ಲೆಲುಂಗಾ ರೇಸ್ ಟ್ರ್ಯಾಕಿನಲ್ಲಿ. ಹೀಗೆ ಕೈಗೆ ವಾಪಸು ಬರುವ ಬಲಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಅನ್ನುತ್ತಾರೆ. ನಾವು ಎದುರುಬಲ ಅನ್ನೋಣ.

ಇದು ನಿನ್ನೆ ಮೊನ್ನೆಯದಲ್ಲ. 1989ರಲ್ಲಿ ಅಮೆರಿಕದ ಅಟಾರಿ ಗೇಮ್ಸ್ ಕಂಪನಿಯ ಹಾರ್ಡ್ ಡ್ರೈವಿನ್ ಅನ್ನುವ ನಾಣ್ಯ ಹಾಕಿ ಆಡುವ ಪೆಟ್ಟಿಗೆಯಲ್ಲೇ ಎದುರುಬಲ ಕೊಡುವ ಸ್ಟೇರಿಂಗ್ ಇತ್ತು. 1998ರಲ್ಲಿ ಮೈಕ್ರೋಸಾಫ್ಟ್ ಮನೆಯ ಕಂಪ್ಯೂಟರಿಗೆ ಸೈಡ್‌ವೈಂಡರ್ ಚಕ್ರ ತಂದಿತು. 2006ರಲ್ಲಿ ಲಾಜಿಟೆಕ್ ಜಿ25, 2010ರಲ್ಲಿ ಜಿ27, 2015ರಲ್ಲಿ ಜಿ29 ಬಂದವು. ನಮ್ಮ ಕಡೆಯ ಹುಡುಗರ ಕೋಣೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಜಿ29, ಇಲ್ಲವೇ ಅದರ ತಮ್ಮನಾದ 2020ರ ಜಿ923.

ಇವುಗಳಲ್ಲಿ ಮೂರು ಜಾತಿ. ಮೊದಲನೆಯದು ಹಲ್ಲುಗಾಲಿಯದು, ಮೋಟಾರಿನ ತಿರುಗು ಹಲ್ಲುಗಾಲಿಯ ಮೂಲಕ ಚಕ್ರಕ್ಕೆ ಬರುತ್ತದೆ. ಜಿ29 ಈ ಜಾತಿ. ಗಟ್ಟಿಮುಟ್ಟು, ಆದರೆ ಹಲ್ಲಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರುತ್ತದೆ, ಕರಕರ ಸದ್ದೂ ಇರುತ್ತದೆ. ಎರಡನೆಯದು ಬೆಲ್ಟಿನದು, ಫ್ರೆಂಚರ ಥ್ರಸ್ಟ್‌ಮಾಸ್ಟರ್ ಟಿ300 ಇದಕ್ಕೆ ಉದಾಹರಣೆ, ಹಿಟ್ಟಿನ ಗಿರಣಿಯ ಬೆಲ್ಟಿನ ಹಾಗೆ ನುಣುಪು. ಮೂರನೆಯದು ನೇರ ಜೋಡಣೆ; ಡೈರೆಕ್ಟ್ ಡ್ರೈವ್ ಅನ್ನುತ್ತಾರೆ. ಮೋಟಾರಿನ ಅಚ್ಚಿಗೇ ಚಕ್ರ ಕೂರಿಸಿರುತ್ತಾರೆ, ನಡುವೆ ದಲ್ಲಾಳಿ ಇಲ್ಲ. ಸುದ್ದಿ ಸೋರದೆ ಬರುತ್ತದೆ, ಬೆಲೆಯೂ ಮೇಲೆ.

ಬಲದ ಅಳತೆ ನ್ಯೂಟನ್ ಮೀಟರ್. ಹೆದರಬೇಡಿ, ಲೆಕ್ಕ ಸುಲಭ. ಚಕ್ರದ ನಡುವಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಕಿಲೋ ತೂಕ ನೇತು ಹಾಕಿದರೆ ಬರುವ ತಿರುಚು ಹತ್ತಿರಹತ್ತಿರ ಒಂದು ನ್ಯೂಟನ್ ಮೀಟರ್. ಜಿ29 ಕೊಡುವುದು ಎರಡರ ಮೇಲೆ ಚಿಲ್ಲರೆ. ಅಂದರೆ ಚಕ್ರದ ಅಂಚಿನಲ್ಲಿ ಒಂದೂವರೆ ಕಿಲೋದ ಆಸುಪಾಸು. ಜರ್ಮನಿಯ ಫ್ಯಾನಟೆಕ್ ಸಿಎಸ್‌ಎಲ್ ಡಿಡಿ ಐದು ಕೊಡುತ್ತದೆ, ದೊಡ್ಡ ಅಡಾಪ್ಟರ್ ಹಾಕಿದರೆ ಎಂಟು. ಅದೇ ಕಂಪನಿಯ ಪೋಡಿಯಂ ಡಿಡಿ2 ಅನ್ನುವುದು ಇಪ್ಪತ್ತೈದರ ತನಕ ಹೋಗುತ್ತದೆ. ಮೂವತ್ತು ಸೆಂಟಿಮೀಟರ್ ಅಗಲದ ಚಕ್ರವಾದರೆ ಅಂಚಿಗೆ ಹದಿನೇಳು ಕಿಲೋ ಕಟ್ಟಿದಂತೆ. ತುಂಬಿದ ಕೊಡವನ್ನು ಚಕ್ರಕ್ಕೆ ನೇತು ಹಾಕಿ ತಿರುಗಿಸಿ ಅಂದ ಹಾಗಾಯಿತು.

ತಕ್ಕಡಿಯ ಮುಳ್ಳು ನಿಂತುಹೋದರೆ

ಹುಡುಗರು ಮಾಡುವ ಮೊದಲ ಕೆಲಸ ಎಲ್ಲವನ್ನೂ ನೂರಕ್ಕೆ ಏರಿಸುವುದು. ಗಟ್ಟಿ ಎಳೆದರೆ ನಿಜ, ಮೆದುವಾದರೆ ಸುಳ್ಳು ಅನ್ನುವ ಲೆಕ್ಕ. ವ್ಯಾಪಾರಸ್ಥರಿಗೆ ತಿಳಿಯುವ ಹಾಗೆ ಒಂದು ಮಾತು ಹೇಳುತ್ತೇನೆ.

ಐವತ್ತು ಕಿಲೋ ತನಕ ತೂಗುವ ಸ್ಪ್ರಿಂಗ್ ತಕ್ಕಡಿ ಇದೆ ಅನ್ನಿ. ನಲವತ್ತರ ಚೀಲ ತೂಗಿದರೆ ನಲವತ್ತು ತೋರಿಸುತ್ತದೆ. ಐವತ್ತರದು ಐವತ್ತು. ಅರವತ್ತರ ಚೀಲ ನೇತು ಹಾಕಿದರೆ? ಮುಳ್ಳು ಐವತ್ತಕ್ಕೆ ನಿಲ್ಲುತ್ತದೆ. ಎಪ್ಪತ್ತಕ್ಕೂ ಐವತ್ತೇ, ಎಂಬತ್ತಕ್ಕೂ ಐವತ್ತೇ. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಇಂಥ ತಕ್ಕಡಿ ಇಟ್ಟರೆ ಮೊದಲು ಜಗಳಕ್ಕೆ ನಿಲ್ಲುವವನು ರೈತ. ಚೀಲ ಚೀಲಕ್ಕೂ ವ್ಯತ್ಯಾಸ ಇದ್ದರೂ ತಕ್ಕಡಿ ಎಲ್ಲವೂ ಒಂದೇ ಅನ್ನುತ್ತಿದೆಯಲ್ಲ.

ಎದುರುಬಲವೂ ಹಾಗೇ. ಚಕ್ರದ ಮೋಟಾರಿಗೆ ಒಂದು ಮೇಲಿನ ಮಿತಿ ಇದೆ. ಆಟ ನೂರು ಕೇಳಿದರೆ ನೂರು ಕೊಡುತ್ತದೆ. ನೂರ ನಲವತ್ತು ಕೇಳಿದರೂ ನೂರೇ. ತಿರುವಿನಲ್ಲಿ ಟೈರಿನ ಭಾರ ನೂರ ನಲವತ್ತಕ್ಕೆ ಏರಿ, ಹಿಡಿತ ಬಿಡುವ ಮುಂಚೆ ನೂರ ಹತ್ತಕ್ಕೆ ಇಳಿದರೂ, ನಿಮ್ಮ ಕೈಗೆ ಮೊದಲಿಂದ ಕೊನೇ ತನಕ ನೂರೇ ಬರುತ್ತದೆ. ಮೇಲೆ ಹೇಳಿದೆನಲ್ಲ ಆ ಒಂದು ಕ್ಷಣದ ಹಗುರ, ಆ ಮುಂಗಡ ಸುದ್ದಿ, ಅದು ಕೈಗೆ ಮುಟ್ಟುವುದೇ ಇಲ್ಲ. ತುದಿ ಕತ್ತರಿಸಿ ಹೋಗುತ್ತದೆ. ಇದಕ್ಕೆ ಕ್ಲಿಪಿಂಗ್ ಅನ್ನುತ್ತಾರೆ. ಚಕ್ರ ಗಟ್ಟಿಯಾಗಿ ಎಳೆಯುತ್ತಿದೆ, ತೋಳು ನೋಯುತ್ತಿದೆ, ಆದರೂ ಹೇಳಬೇಕಾದ ಮಾತನ್ನು ಮಾತ್ರ ಹೇಳುತ್ತಿಲ್ಲ. ಜೋರಾಗಿ ಕೂಗುವವನೆಲ್ಲ ನಿಜ ಹೇಳುತ್ತಾನೆಂದು ನಂಬಿದರೆ ಪಂಚಾಯಿತಿಯಲ್ಲಿ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ.

ಬಳ್ಳಾರಿಯಲ್ಲಿರುವ ನನ್ನ ಸೋದರಳಿಯನ ಕೋಣೆಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಜಿ29 ಚಕ್ರ, ಅಸೆಟ್ಟೊ ಕೋರ್ಸಾ ಆಟ, ಇಟಲಿಯ ಮೊನ್ಜಾ ಟ್ರ್ಯಾಕು. ಗೇನ್ ಅನ್ನುವ ಒಟ್ಟು ಬಲದ ಅಂಕಿ ನೂರು. ಅದರ ಮೇಲೆ ಆ ಕಾರಿಗೆಂದೇ ಇರುವ ಬಲವನ್ನು ನೂರ ಮೂವತ್ತಕ್ಕೆ ಏರಿಸಿಟ್ಟಿದ್ದ.

"ಮಾವ, ಫುಲ್ ಇಟ್ಟರೇನೇ ನಿಜದ ಕಾರಿನ ತರ ಇರ್ತದೆ" ಅಂದ.

"ಸರಿ ಕಣಪ್ಪಾ, ಆ ಕೊನೇ ತಿರುವಿನಲ್ಲಿ ಪ್ರತಿ ಸಲ ಹೊರಗೆ ಯಾಕೆ ಹೋಗ್ತಿದೀಯ?"

"ಮುಂದಿನ ಟೈರು ಹಿಡೀತಿಲ್ಲ ಮಾವ, ಗೊತ್ತಾಗೋದರೊಳಗೆ ಹೋಗಿಬಿಡ್ತದೆ."

"ಹಿಡೀತಿಲ್ಲ ಅನ್ನೋದು ನಿನ್ನ ಕೈಗೆ ಮೊದಲೇ ಗೊತ್ತಾಗ್ತದಾ?"

ಹುಡುಗ ಸುಮ್ಮನಾದ. ಮೊನ್ಜಾದ ಆ ಕೊನೇ ತಿರುವಿಗೆ ಪರಾಬೋಲಿಕಾ ಅಂತ ಹೆಸರು. 2021ರಲ್ಲಿ ಅಲ್ಬೊರೆಟೊ ಅನ್ನುವ ಇಟಲಿಯ ರೇಸುಗಾರನ ಹೆಸರಿಟ್ಟರು. ಬಲಕ್ಕೆ ಉದ್ದಕ್ಕೆ ಬಾಗುತ್ತ ಹೋಗುವ ವೇಗದ ತಿರುವು. ಭಾರ ಅಷ್ಟು ಹೊತ್ತೂ ಕೈಯಲ್ಲಿರುತ್ತದೆ. ಆ ಆಟದಲ್ಲಿ ಪೆಡಲ್ಸ್ ಅನ್ನುವ ಒಂದು ಪುಟ್ಟ ಕಿಟಕಿ ತೆರೆಯಬಹುದು. ಕ್ಲಚ್ಚು, ಬ್ರೇಕು, ಆಕ್ಸಿಲರೇಟರಿನ ಪಟ್ಟಿಗಳ ಪಕ್ಕದಲ್ಲಿ ಎದುರುಬಲದ ಪಟ್ಟಿಯೂ ಇರುತ್ತದೆ. ಮಿತಿ ಮುಟ್ಟಿದರೆ ಅದು ಕೆಂಪಗಾಗುತ್ತದೆ. ತೆರೆದು ನೋಡಿದರೆ ಆ ತಿರುವಿನ ಉದ್ದಕ್ಕೂ ಕೆಂಪೇ ಕೆಂಪು. ಹತ್ತತ್ತರಂತೆ ಕಾರಿನ ಬಲ ಇಳಿಸುತ್ತ ಬಂದೆವು. ಎಂಬತ್ತಕ್ಕೆ ಬಂದಾಗ ಕೆಂಪು ಹೋಯಿತು, ಟ್ರ್ಯಾಕಿನ ಅಂಚಿನ ಕಟ್ಟೆ ಹತ್ತಿದಾಗ ಮಾತ್ರ ಮಿಂಚಿ ಮಾಯವಾಗುತ್ತಿತ್ತು. ನಾಲ್ಕೈದು ಸುತ್ತು ಆದ ಮೇಲೆ ಹುಡುಗನ ಕೈ ತಿರುವಿನ ನಡುವೆ ತಾನಾಗೇ ಒಂದಿಷ್ಟು ಸಡಿಲಿಸತೊಡಗಿತು. "ಈಗ ಹಗುರ ಆಗೋದು ಗೊತ್ತಾಗ್ತದೆ ಮಾವ" ಅಂದ. ಚಕ್ರದ ಬಲ ಕಡಿಮೆ ಮಾಡಿದ್ದಕ್ಕೇ ಅದರ ಮಾತು ಕೇಳಿಸಿತು.

ಹದ ಮಾಡುವ ಕ್ರಮ

ಯಾವ ಚಕ್ರವಾದರೂ ದಾರಿ ಹೆಚ್ಚುಕಡಿಮೆ ಒಂದೇ. ನಾನು ಜಿ29 ಮತ್ತು ಅಸೆಟ್ಟೊ ಕೋರ್ಸಾ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಆಟಗಳಲ್ಲಿ ಹೆಸರು ಬದಲಾಗಬಹುದು, ಅರ್ಥ ಇದೇ.

ಮೊದಲು ಮೇಜು. ಅಲ್ಲಾಡುವ ಮೇಜಿಗೆ ಚಕ್ರ ಬಿಗಿದರೆ ಅರ್ಧ ಸುದ್ದಿಯನ್ನು ಮೇಜೇ ತಿಂದುಬಿಡುತ್ತದೆ. ಗೋಡೆಗೆ ಒತ್ತಿ ಇಡಿ, ಕೆಳಗೆ ಹೊದ್ದಿಸಿ ಬಿಗಿಯಿರಿ. ಪೆಡಲು ಜಾರದ ಹಾಗೆ ಹಿಂದೆ ಒಂದು ಹಲಗೆ ಆನಿಸಿ. ನೊಗ ಸಡಿಲವಾಗಿದ್ದರೆ ನೇಗಿಲನ್ನು ಎಷ್ಟು ತಿದ್ದಿದರೂ ಸಾಲು ನೇರ ಬರುವುದಿಲ್ಲ.

ಎರಡನೆಯದು ಕಂಪನಿಯ ಪ್ರೋಗ್ರಾಮು. ಲಾಜಿಟೆಕ್ಕಿನದಕ್ಕೆ ಜಿ ಹಬ್ ಅಂತ ಹೆಸರು. ಅದರಲ್ಲಿ ಮೂರು ಸಂಗತಿ ನೋಡಿಕೊಳ್ಳಿ. ಚಕ್ರ ತಿರುಗುವ ಅಳತೆ ಒಂಬೈನೂರು ಡಿಗ್ರಿ ಇರಲಿ, ಅಂದರೆ ಎರಡೂವರೆ ಸುತ್ತು. ಕಾರಿಗೆ ತಕ್ಕಂತೆ ಆಟವೇ ಅದನ್ನು ಹೊಂದಿಸಿಕೊಳ್ಳುತ್ತದೆ. ಸೆನ್ಸಿಟಿವಿಟಿ ಐವತ್ತೇ ಇರಲಿ. ಐವತ್ತು ಅಂದರೆ ಕೈ ಎಷ್ಟು ತಿರುಗಿಸಿತೋ ಅಷ್ಟೇ, ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಸೆಂಟರಿಂಗ್ ಸ್ಪ್ರಿಂಗ್ ಅನ್ನುವುದನ್ನು ಆರಿಸಿಬಿಡಿ. ಅದು ಟೈರಿನ ಲೆಕ್ಕ ಇಲ್ಲದೆ ಸುಮ್ಮನೆ ಚಕ್ರವನ್ನು ನಡುವಿಗೆ ಎಳೆಯುವ ಸ್ಪ್ರಿಂಗು. ಟೈರು ಹಗುರವಾಯಿತು ಅನ್ನುವ ಸುದ್ದಿ ಬರುವ ಹೊತ್ತಿನಲ್ಲೇ ಇದು ನಡುವೆ ಬಾಯಿ ಹಾಕುತ್ತದೆ.

ಮೂರನೆಯದು ಆಟದೊಳಗಿನ ಮಸಾಲೆ. ಕರ್ಬ್ ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಅಂತ ಇರುತ್ತವೆ. ಅಂಚಿನ ಕಟ್ಟೆ ಹತ್ತಿದ ನಡುಕ, ರಸ್ತೆಯ ಗುಂಡಿಯ ನಡುಕ, ಟೈರು ಜಾರಿದ ನಡುಕ, ಇವನ್ನು ಮೇಲಿಂದ ಬೆರೆಸುವ ಅಂಕಿಗಳು ಇವು. ಮೊದಲ ದಿನ ಎಲ್ಲವನ್ನೂ ಸೊನ್ನೆಗೆ ಇಳಿಸಿ. ಬರೀ ಅನ್ನ ಉಂಡು ನೋಡಿದರೆ ಅಕ್ಕಿ ಎಂಥದ್ದು ಅಂತ ತಿಳಿಯುತ್ತದೆ. ಆಮೇಲೆ ಬೇಕಾದರೆ ಕಟ್ಟೆಯದನ್ನೂ ರಸ್ತೆಯದನ್ನೂ ಇಪ್ಪತ್ತರ ಆಸುಪಾಸಿಗೆ ಏರಿಸಿಕೊಳ್ಳಬಹುದು. ಫಿಲ್ಟರ್ ಅನ್ನುವುದನ್ನು ಸೊನ್ನೆಯಲ್ಲೇ ಬಿಡಿ. ಅದು ಬಲದ ಏರಿಳಿತವನ್ನು ನುಣುಪು ಮಾಡುತ್ತದೆ, ನುಣುಪು ಮಾಡುವಾಗ ಸುದ್ದಿಯನ್ನು ತಡ ಮಾಡುತ್ತದೆ.

ನಾಲ್ಕನೆಯದು ಮಿನಿಮಮ್ ಫೋರ್ಸ್. ಹಲ್ಲುಗಾಲಿ ಚಕ್ರದವರಿಗೆ ಇದು ಬಹಳ ಮುಖ್ಯ. ತುಕ್ಕು ಹಿಡಿದ ತಕ್ಕಡಿಗೆ ಅರ್ಧ ಕಿಲೋ ಹಾಕಿದರೆ ಮುಳ್ಳು ಕದಲುವುದೇ ಇಲ್ಲ, ಒಂದು ಕಿಲೋ ಆದ ಮೇಲೆ ಕದಲುತ್ತದೆ. ಹಾಗೆಯೇ ಹಲ್ಲುಗಾಲಿಯ ಬಿಗಿ ದಾಟುವ ತನಕ ಸಣ್ಣ ಬಲಗಳು ಕೈಗೆ ಬರುವುದೇ ಇಲ್ಲ. ನೇರ ರಸ್ತೆಯಲ್ಲಿ ಚಕ್ರ ನಡುವೆ ಸತ್ತ ಹಾಗಿರುತ್ತದೆ. ಅಷ್ಟು ಬಲವನ್ನು ಮೊದಲೇ ಕೂಡಿಸಿ ಕಳಿಸುವುದೇ ಮಿನಿಮಮ್ ಫೋರ್ಸ್. ಸೊನ್ನೆಯಿಂದ ಶುರು ಮಾಡಿ ಒಂದೊಂದೇ ಏರಿಸಿ, ನೇರ ರಸ್ತೆಯಲ್ಲಿ ಓಡಿಸಿ ನೋಡಿ. ನಡುವಿನ ಸತ್ತ ಜಾಗ ಜೀವ ಹಿಡಿದ ಕಡೆ ನಿಲ್ಲಿಸಿ. ಇನ್ನೂ ಏರಿಸಿದರೆ ಕೈ ಬಿಟ್ಟ ಕೂಡಲೆ ಚಕ್ರ ಎಡಕ್ಕೂ ಬಲಕ್ಕೂ ಕಟಕಟ ಬಡಿದುಕೊಳ್ಳತೊಡಗುತ್ತದೆ. ಬಡಿದುಕೊಂಡಿತೋ, ಒಂದೆರಡು ಹಿಂದಕ್ಕೆ ಬನ್ನಿ. ಜಿ29ಕ್ಕೆ ಇದು ಸಾಧಾರಣವಾಗಿ ನೂರಕ್ಕೆ ಹತ್ತರ ಹಿಂದೆಮುಂದೆ ಬಂದು ನಿಲ್ಲುತ್ತದೆ. ಒಂದು ಚಕ್ರದ ಹಾಗೆ ಇನ್ನೊಂದಿರುವುದಿಲ್ಲ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಇರುತ್ತದೆ. ನೇರ ಜೋಡಣೆಯ ಚಕ್ರಕ್ಕೆ ಈ ಅಂಕಿ ಸೊನ್ನೆ ಸಾಕು.

ಐದನೆಯದು ಗೇನ್. ಒಂದೇ ಕಾರು, ಒಂದೇ ಟ್ರ್ಯಾಕು ಆರಿಸಿಕೊಳ್ಳಿ. ವೇಗದ ಉದ್ದ ತಿರುವಿರುವ ಟ್ರ್ಯಾಕಾದರೆ ಒಳ್ಳೆಯದು. ಪಟ್ಟಿ ನೋಡುತ್ತ ಐದು ಸುತ್ತು ಹಾಕಿ. ತಿರುವಿನ ಉದ್ದಕ್ಕೂ ಕೆಂಪಾದರೆ ಐದೈದರಂತೆ ಇಳಿಸಿ. ಎಂದೂ ಕೆಂಪಾಗದೆ ಪಟ್ಟಿ ಅರ್ಧದಲ್ಲೇ ಇದ್ದರೆ ಏರಿಸಿ, ಇರುವ ಬಲವನ್ನು ಸುಮ್ಮನೆ ಬಿಡುವುದೂ ನಷ್ಟವೇ. ಕಟ್ಟೆ ಹತ್ತಿದಾಗ, ಡಿಕ್ಕಿ ಹೊಡೆದಾಗ ಒಂದು ಕ್ಷಣ ಕೆಂಪಾದರೆ ಚಿಂತೆ ಇಲ್ಲ. ಆಡುತ್ತಿರುವಾಗಲೇ ಅಂಕಿಪಟ್ಟಿಯ ಕೂಡು, ಕಳೆ ಗುಂಡಿಗಳಿಂದ ಆ ಕಾರಿನ ಬಲವನ್ನು ಮಾತ್ರ ಏರಿಸಿ ಇಳಿಸಬಹುದು. ಕಾರು ಬದಲಾದರೆ ಮತ್ತೆ ನೋಡಬೇಕು. 1980ರ ದಶಕದ ಹಳೇ ಬಿಎಂಡಬ್ಲ್ಯೂ ಎಂ3ಗೂ, ಗಾಳಿಯೇ ಕೆಳಕ್ಕೆ ಒತ್ತುವ ಫಾರ್ಮುಲಾ ಕಾರಿಗೂ ಒಂದೇ ಅಂಕಿ ಹೊಂದುವುದಿಲ್ಲ. ವೇಗ ಹೆಚ್ಚಿದಷ್ಟೂ ಆ ಫಾರ್ಮುಲಾ ಕಾರಿನ ಟೈರಿಗೆ ಭಾರ ಹೆಚ್ಚು, ಕೈಗೂ ಹೆಚ್ಚು.

ಕೊನೆಯ ನಿಯಮ ಎಲ್ಲಕ್ಕೂ ಸೇರಿದ್ದು. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಪುಸ್ತಕದಲ್ಲಿ ಬರೆದಿಡಿ. ಗೊಬ್ಬರವನ್ನೂ ಬೀಜವನ್ನೂ ನೀರನ್ನೂ ಒಂದೇ ವರ್ಷ ಬದಲಿಸಿದವನಿಗೆ ಇಳುವರಿ ಯಾತರಿಂದ ಬಂತು ಅಂತ ಎಂದೂ ತಿಳಿಯುವುದಿಲ್ಲ. ಯಾರೋ ಗೆಳೆಯ ಹೇಳಿದ ಅಂಕಿಗಳನ್ನು ಹಾಗೇ ಎತ್ತಿ ಹಾಕಿಕೊಳ್ಳುವುದೂ ಬೇಡ. ಅವನ ಮೇಜು ಬೇರೆ, ಅವನ ಚಕ್ರ ಸವೆದಿರುವ ಬಗೆ ಬೇರೆ, ಅವನ ಕೈ ಬೇರೆ.

ಕೈ ಜೋಪಾನ, ಕರೆಂಟ್ ಜೋಪಾನ

ಜಿ29ರಂಥ ಸಣ್ಣ ಚಕ್ರದಿಂದ ಪೆಟ್ಟಾಗುವುದು ಅಪರೂಪ. ನೇರ ಜೋಡಣೆಯ ದೊಡ್ಡ ಚಕ್ರಗಳ ಮಾತು ಬೇರೆ. ಆಟದಲ್ಲಿ ಕಾರು ಗೋಡೆಗೆ ಬಡಿದರೆ ಚಕ್ರ ಒಮ್ಮೆಲೇ ತಿರುಗುತ್ತದೆ. ಕಡ್ಡಿಗಳ ನಡುವೆ ಹೆಬ್ಬೆರಳು ತೂರಿಸಿಕೊಂಡಿದ್ದರೆ ಬೆರಳು ಉಳುಕುತ್ತದೆ, ಮುಂಗೈ ತಿರುಚುತ್ತದೆ. ಹಳೇ ಟ್ರ್ಯಾಕ್ಟರು ಓಡಿಸಿದವರು ಬಲ್ಲರು, ಕಲ್ಲಿನ ಮೇಲೆ ಮುಂಗಾಲಿ ಹತ್ತಿದಾಗ ಸ್ಟೇರಿಂಗ್ ಹೇಗೆ ಬೀಸಿ ಹೊಡೆಯುತ್ತದೆ ಅಂತ. ಹೆಬ್ಬೆರಳನ್ನು ಚಕ್ರದ ಅಂಚಿನ ಮೇಲೆ ಇಡಿ, ಒಳಕ್ಕೆ ಸುತ್ತಬೇಡಿ. ಡಿಕ್ಕಿ ಖಚಿತ ಅನ್ನಿಸಿದಾಗ ಕೈ ತೆಗೆದುಬಿಡಿ, ಒಡೆಯುವುದು ಪರದೆಯ ಮೇಲಿನ ಕಾರು ಅಷ್ಟೇ. ಪೋಡಿಯಂ ಚಕ್ರಗಳಿಗೆ ಪೂರ್ತಿ ಬಲ ಬರಬೇಕಾದರೆ ಬೇರೆ ಕೀಲಿಯೇ ಹಾಕಬೇಕು. ಫಿನ್ಲೆಂಡಿನ ಸಿಮ್ಯುಕ್ಯೂಬ್ 2 ಚಕ್ರದ ಜೊತೆ ತಕ್ಷಣ ನಿಲ್ಲಿಸುವ ಗುಂಡಿ ಕೊಡುತ್ತಾರೆ. ತಯಾರಿಸಿದವರೇ ಇಷ್ಟು ಹೆದರಿದ್ದಾರೆ ಅಂದರೆ, ಸಣ್ಣ ಮಕ್ಕಳ ಕೈಗೆ ಅದನ್ನು ಪೂರ್ತಿ ಬಲದಲ್ಲಿ ಕೊಡಬಾರದು ಅನ್ನುವುದು ತಾನಾಗೇ ತಿಳಿಯುತ್ತದೆ.

ಚಕ್ರದ ಬಲ ಬರುವುದು ಕಂಪ್ಯೂಟರಿನ ವೈರಿನಿಂದ ಅಲ್ಲ, ಅದರ ಅಡಾಪ್ಟರಿನಿಂದ. ಅಡಾಪ್ಟರು ಹಾಕದಿದ್ದರೆ ಚಕ್ರ ತಿರುಗುತ್ತದೆ, ಬಲ ಇರುವುದಿಲ್ಲ. ಎಷ್ಟೋ ಜನ ಕಂಪ್ಯೂಟರನ್ನು ಯುಪಿಎಸ್‌ಗೆ ಹಾಕಿ ಚಕ್ರವನ್ನು ಗೋಡೆಯ ಸಾಕೆಟ್ಟಿಗೆ ಹಾಕಿರುತ್ತಾರೆ. ಕರೆಂಟ್ ಹೋದ ಕೂಡಲೆ ಆಟ ನಡೆಯುತ್ತಿರುತ್ತದೆ, ಚಕ್ರ ಮಾತ್ರ ಸತ್ತಿರುತ್ತದೆ. ಎರಡನ್ನೂ ಒಂದೇ ಕಡೆ ಹಾಕಿ. ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ಆಟ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡುವುದು ಜಾಣತನ.

ಹಳೇ ಚಕ್ರ ಕೊಳ್ಳುವವರಿಗೆ ಒಂದು ಕಿವಿಮಾತು. ಕರೆಂಟ್ ಕೊಟ್ಟು ಕಂಪ್ಯೂಟರಿಗೆ ಜೋಡಿಸಿದಾಗ ಜಿ29 ತನ್ನಷ್ಟಕ್ಕೆ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿ ನಡುವಿಗೆ ಬಂದು ನಿಲ್ಲಬೇಕು. ತಿರುಗುವಾಗ ನಡುನಡುವೆ ತಡೆದರೆ, ನಡುವಿಗೆ ಬಾರದೆ ಓರೆ ನಿಂತರೆ, ಕೈಯಲ್ಲಿ ಅಲ್ಲಾಡಿಸಿದಾಗ ಬೆರಳಗಲ ಸಡಿಲ ಇದ್ದರೆ ಆ ವ್ಯಾಪಾರ ಬೇಡ. ಎತ್ತಿನ ಹಲ್ಲು ಎಣಿಸದೆ ಸಂತೆಯಲ್ಲಿ ಹಗ್ಗ ಹಿಡಿಯುತ್ತೇವಾ?

ಆಟದ ಕೋಣೆಯಿಂದ ಹೆದ್ದಾರಿಗೆ

ಇದೆಲ್ಲ ಹುಡುಗರ ಹುಚ್ಚು ಅಂತ ಪಕ್ಕಕ್ಕೆ ಸರಿಸುವ ಮುಂಚೆ ಎರಡು ಸಂಗತಿ ಕೇಳಿ.

ಮೊದಲನೆಯದು, ಆಟದ ಚಕ್ರ ಹಿಡಿದವರು ನಿಜದ ರೇಸಿಗೆ ಹೋದದ್ದಿದೆ. ನಿಸಾನ್ ಮತ್ತು ಸೋನಿ ಕಂಪನಿಗಳು 2008ರಲ್ಲಿ ಜಿಟಿ ಅಕಾಡೆಮಿ ಅನ್ನುವ ಸ್ಪರ್ಧೆ ಶುರು ಮಾಡಿದವು. ಗ್ರಾನ್ ಟುರಿಸ್ಮೊ ಆಟದಲ್ಲಿ ಗೆದ್ದವರನ್ನು ಆರಿಸಿ ನಿಜದ ಕಾರಿನಲ್ಲಿ ಕೂರಿಸುವುದು ಅದರ ಉದ್ದೇಶ. 2011ರಲ್ಲಿ ಗೆದ್ದ ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ 2013ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಇಪ್ಪತ್ತನಾಲ್ಕು ಗಂಟೆಯ ರೇಸಿನಲ್ಲಿ ತನ್ನ ವರ್ಗದಲ್ಲಿ ಮೂರನೇ ಸ್ಥಾನ ಪಡೆದ ತಂಡದಲ್ಲಿದ್ದ. ಅವನ ಕತೆ 2023ರಲ್ಲಿ ಸಿನಿಮಾ ಆಗಿಯೂ ಬಂತು. ಹಾಗಂತ ಚಕ್ರ ಕೊಂಡವರೆಲ್ಲ ರೇಸುಗಾರರಾಗುವುದಿಲ್ಲ. ಲಕ್ಷಗಟ್ಟಲೆ ಜನ ಆಡಿದರಲ್ಲಿ ಒಬ್ಬಿಬ್ಬರು. ಮತ್ತೆ, ಆಟದಲ್ಲಿ ಕಲಿತದ್ದು ಲೈಸೆನ್ಸಿಗೂ ಬಾರದು, ರಸ್ತೆಯಲ್ಲಿ ದನ ಅಡ್ಡ ಬಂದಾಗಲೂ ಬಾರದು. ಅಲ್ಲಿ ಕಲಿಯಬಹುದಾದದ್ದು ಕೈ ಕೇಳುವ ಅಭ್ಯಾಸ ಅಷ್ಟೇ.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ನಮ್ಮ ಪೆನುಕೊಂಡ ಪಕ್ಕದ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಮಡಕಶಿರಾದಿಂದ ಅದು ದೂರದ ಮಾತಲ್ಲ. ಅಲ್ಲಿಂದ ಹೊರಬರುವ ಕಾರುಗಳ ಸ್ಟೇರಿಂಗ್ ಇಷ್ಟು ಹಗುರ ಯಾಕೆ? ಒಳಗೆ ವಿದ್ಯುತ್ ಮೋಟಾರು ಕೂತು ಕೈಗೆ ನೆರವು ಕೊಡುತ್ತದೆ. ಹಿಂದೆ ಈ ಕೆಲಸವನ್ನು ಎಣ್ಣೆಯ ಒತ್ತಡ ಮಾಡುತ್ತಿತ್ತು. 1988ರಲ್ಲಿ ಜಪಾನಿನ ಸುಝುಕಿ ಸರ್ವೊ ಕಾರಿಗೆ ಮೊದಲು ವಿದ್ಯುತ್ ಮೋಟಾರು ಬಂತು, ಈಗ ಹೊಸ ಕಾರುಗಳಲ್ಲಿ ಬಹುಪಾಲು ಅದೇ. ಮೋಟಾರು ಎಷ್ಟು ನೆರವು ಕೊಡಬೇಕು, ಸಂತೆಬೀದಿಯಲ್ಲಿ ಎಷ್ಟು ಹಗುರ, ಹೆದ್ದಾರಿಯಲ್ಲಿ ಎಷ್ಟು ಭಾರ ಅನ್ನುವುದನ್ನು ಇಂಜಿನಿಯರುಗಳು ಕಂಪ್ಯೂಟರಿನಲ್ಲಿ ಕೂತು ಅಂಕಿ ಬದಲಿಸಿ ಹದ ಮಾಡುತ್ತಾರೆ. ಅಳಿಯ ಬಳ್ಳಾರಿಯ ಕೋಣೆಯಲ್ಲಿ ಮಾಡಿದ್ದಕ್ಕೂ ಇದಕ್ಕೂ ಜಾತಿ ಒಂದೇ. ಕೆಲವು ಕಾರುಗಳಲ್ಲಿ ನಾರ್ಮಲ್, ಸ್ಪೋರ್ಟ್ ಅಂತ ಗುಂಡಿ ಇರುತ್ತದಲ್ಲ, ಸ್ಪೋರ್ಟ್ ಒತ್ತಿದಾಗ ಸ್ಟೇರಿಂಗ್ ಭಾರವಾಗುತ್ತದೆ. ಭಾರವಾಯಿತು ಅಂತ ಟೈರಿನ ಹಿಡಿತ ಹೆಚ್ಚಲಿಲ್ಲ. ಮಳೆಯಲ್ಲಿ ಅದನ್ನು ನಂಬಿಕೊಂಡು ವೇಗ ಹೆಚ್ಚಿಸಬೇಡಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದಿದೆ. 2013ರಲ್ಲಿ ಇನ್ಫಿನಿಟಿ ಕ್ಯೂ50 ಕಾರಿನಲ್ಲಿ ಸ್ಟೇರಿಂಗಿಗೂ ಮುಂಗಾಲಿಗೂ ನಡುವಿನ ನಿತ್ಯದ ಕೆಲಸವನ್ನು ವೈರಿಗೆ ಒಪ್ಪಿಸಿದರು, ವೈರು ಕೈಕೊಟ್ಟರೆ ಇರಲಿ ಅಂತ ಕಬ್ಬಿಣದ ಕೋಲನ್ನೂ ಉಳಿಸಿಕೊಂಡಿದ್ದರು. 2023ರ ಕೊನೆಗೆ ಗಿರಾಕಿಗಳ ಕೈಗೆ ಬಂದ ಟೆಸ್ಲಾ ಸೈಬರ್‌ಟ್ರಕ್ಕಿನಲ್ಲಿ ಆ ಕೋಲೇ ಇಲ್ಲ. ಚಕ್ರ ತಿರುಗಿಸಿದರೆ ವೈರಿನಲ್ಲಿ ಸುದ್ದಿ ಹೋಗುತ್ತದೆ, ಮೋಟಾರು ಗಾಲಿ ತಿರುಗಿಸುತ್ತದೆ. ಕೈಗೆ ಬರುವ ಭಾರವೂ ಇನ್ನೊಂದು ಮೋಟಾರು ಹುಟ್ಟಿಸಿದ್ದು. ಅಲ್ಲಿಗೆ ನಿಜದ ವಾಹನದ ಸ್ಟೇರಿಂಗೂ ಮೇಜಿನ ಮೇಲಿನ ಆಟದ ಚಕ್ರವೂ ಒಂದೇ ಆದಂತಾಯಿತು. ಎಷ್ಟು ಸುದ್ದಿ ಕೊಡಬೇಕು, ಎಷ್ಟನ್ನು ತಡೆಯಬೇಕು ಅನ್ನುವುದು ಹದ ಮಾಡಿದವನ ಕೈಯಲ್ಲಿ.

ಹಾಗಾಗಿ ಮಗನೋ ಅಳಿಯನೋ ಇಂಥ ಚಕ್ರ ಕೊಂಡುತಂದರೆ ಒಂದೇ ಸಲ ಗದರಬೇಡಿ. ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು ಕೆಂಪು ಪಟ್ಟಿ ತೋರಿಸು ಅನ್ನಿ. ತಿರುವಿನಲ್ಲಿ ಕೈಗೆ ಏನು ಗೊತ್ತಾಯಿತು ಅಂತ ಕೇಳಿ. ಉತ್ತರ ಹೇಳಲು ಬಂದರೆ ಕೊಟ್ಟ ದುಡ್ಡು ಒಂದಿಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ. "ಫುಲ್ ಇಟ್ಟಿದೀನಿ, ಸಖತ್ತಾಗಿ ಎಳೀತದೆ" ಅಂತಷ್ಟೇ ಅಂದರೆ, ಗೇನ್ ಅನ್ನುವ ಅಂಕಿಯನ್ನು ಇಪ್ಪತ್ತು ಇಳಿಸು, ಐದು ಸುತ್ತು ಹಾಕಿ ಆಮೇಲೆ ಮಾತಾಡೋಣ ಅನ್ನಿ.